ಬಿಲ್ ಊರೆಲ್ಲ ತಿರುಗುತ್ತದೆ, ನೋಟ್ಸ್ ಯಾಕೆ ತಿರುಗಬೇಕು?

ಕೌನ್ಸೆಲಿಂಗ್ ಮಾಡುವವರು ಬಿಲ್ ಜೊತೆ ಸೆಷನ್ ನೋಟ್ಸ್ ಕೂಡ ಲಗತ್ತಿಸಬೇಕಾ? ಹುಬ್ಬಳ್ಳಿ-ಧಾರವಾಡದ ಸಣ್ಣ ಕ್ಲಿನಿಕ್‌ಗಳ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಈ ಪ್ರಶ್ನೆ ಆಗಾಗ ಬರುತ್ತದೆ. ಹುಟ್ಟುವುದು ಸಾಮಾನ್ಯವಾಗಿ ಹೀಗೆ. ಕ್ಲೈಂಟ್ ಬಂದು ಹೇಳುತ್ತಾರೆ: "ಮೇಡಂ, ನಮ್ಮ ಆಫೀಸಿನ್ಯಾಗ ಬರೇ ಬಿಲ್ ಕೊಟ್ರ ನಡಿಯಂಗಿಲ್ಲಂತ್ರಿ. ಏನ್ ಟ್ರೀಟ್‌ಮೆಂಟ್ ಅನ್ನೋದು ಕಾಗದದ ಮ್ಯಾಲ ಬೇಕಂತ." ಮೇಡಂಗೆ ಅವಸರ, ಮುಂದಿನವರು ಹೊರಗೆ ಕಾಯುತ್ತಿದ್ದಾರೆ. ಕಂಪ್ಯೂಟರ್‌ನಲ್ಲಿ ನೋಟ್ಸ್ ಇದೆ. ಬಿಲ್ ಕಳಿಸುವ ಜಾಗದಲ್ಲೇ ‘ನೋಟ್ಸ್ ಲಗತ್ತಿಸು’ ಅನ್ನೋ ಬಟನ್ ಇದೆ. ಒತ್ತಿದರೆ ಕೆಲಸ ಮುಗಿಯಿತು.

ಆ ಬಟನ್ ಒತ್ತಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಬರೀ ‘ಬೇಡ’ ಅಂದರೆ ಸಾಲದು. ಕ್ಲೈಂಟ್‌ಗೆ ಕೊಟ್ಟ ದುಡ್ಡು ಆಫೀಸಿನಿಂದ ವಾಪಸ್ ಬರಬೇಕು ತಾನೇ? ಹಾಗಾಗಿ ನೋಟ್ಸ್ ಬದಲು ಏನು ಕೊಡಬೇಕು, ಯಾರಿಗೆ ಎಷ್ಟು ಹೇಳಿದರೆ ಸಾಕು ಅನ್ನೋದು ಗೊತ್ತಿರಬೇಕು.

ಮೊದಲು ಕಾಗದಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ. ಬಿಲ್ ಅಥವಾ ರಸೀದಿ ದುಡ್ಡಿನ ಕಾಗದ. ಯಾರು, ಯಾರಿಗೆ, ಯಾವತ್ತು, ಎಷ್ಟು ಕೊಟ್ಟರು ಅನ್ನೋದಕ್ಕೆ ಸಾಕ್ಷಿ. ಸೆಷನ್ ನೋಟ್ಸ್ ಚಿಕಿತ್ಸೆಯ ಕಾಗದ. ಕ್ಲೈಂಟ್ ಏನು ಹೇಳಿದರು, ಹೇಗೆ ಕಂಡರು, ಥೆರಪಿಸ್ಟ್‌ಗೆ ಏನು ಅನಿಸಿತು, ಮುಂದಿನ ಸಲ ಏನು ಮಾಡಬೇಕು ಅನ್ನೋದೆಲ್ಲ ಅದರಲ್ಲಿರುತ್ತದೆ. ‘ಅತ್ತೆ ವಿಷಯ ಬಂದ ಕೂಡಲೇ ಮಾತು ನಿಂತಿತು.’ ‘ಅಣ್ಣನ ಸಾಲದ ಬಗ್ಗೆ ಇನ್ನೊಮ್ಮೆ ಕೇಳಬೇಕು.’ ‘ಮ್ಯಾನೇಜರ್ ಕೂಗಾಡಿದ್ದನ್ನು ಹೇಳುವಾಗ ಕೈ ನಡುಗುತ್ತಿತ್ತು.’ ಈ ಮೂರು ಸಾಲು ಇನ್ನೊಮ್ಮೆ ಓದಿ. ಕ್ಲೈಂಟ್ ಒಬ್ಬರೇ ಇಲ್ಲ ಇದರಲ್ಲಿ. ಅತ್ತೆ ಇದ್ದಾರೆ, ಅಣ್ಣ ಇದ್ದಾನೆ, ಮ್ಯಾನೇಜರ್ ಇದ್ದಾರೆ. ಕ್ಲೈಂಟ್ ಒಪ್ಪಿ ಸಹಿ ಹಾಕಿದರೂ ಉಳಿದ ಮೂವರನ್ನು ಯಾರೂ ಕೇಳಿಲ್ಲ. ಬಿಲ್ಲನ್ನು ಪಾಸ್ ಮಾಡಬೇಕಾದವರು ಆ ಮ್ಯಾನೇಜರೇ ಆಗಿದ್ದರಂತೂ ಮುಗಿದೇ ಹೋಯಿತು.

ಇವೆರಡರ ನಡುವೆ ಮೂರನೇ ಕಾಗದ ಒಂದಿದೆ. ಅದನ್ನು ಬಹಳಷ್ಟು ಜನ ಮರೆಯುತ್ತಾರೆ. ಚಿಕಿತ್ಸೆ ನಡೆದಿದೆ ಅಂತ ಹೇಳುವ ನಾಲ್ಕು ಸಾಲಿನ ಪತ್ರ ಅದು. ನನ್ನ ಪ್ರಕಾರ ‘ನೋಟ್ಸ್ ಕೊಡಿ’ ಅಂತ ಕೇಳುವ ಬಹುತೇಕರಿಗೆ ನಿಜವಾಗಿ ಬೇಕಾಗಿರುವುದು ಈ ಪತ್ರ. ಕೇಳುವ ರೀತಿ ಮಾತ್ರ ಬೇರೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಬಿಲ್ ಎಲ್ಲೆಲ್ಲಿ ಹೋಗಿ ಬರುತ್ತದೆ

ಕೌನ್ಸೆಲರ್‌ಗಳು ಬಿಲ್ ಕಳಿಸಿ ಮರೆಯುತ್ತಾರೆ. ಅದರ ತಿರುಗಾಟ ಶುರುವಾಗುವುದು ಆಮೇಲೆ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿರುವ, ಆಫೀಸಿಗೆ ಹೋಗುವ ಒಬ್ಬ ಹೆಣ್ಣುಮಗಳು ಅಂದುಕೊಳ್ಳಿ. ನಾಲ್ಕು ಸೆಷನ್ ಆಗಿದೆ. ಬಿಲ್ ವಾಟ್ಸಾಪ್‌ನಲ್ಲಿ ಪಿಡಿಎಫ್ ಆಗಿ ಬಂತು. ಆಫೀಸಿಗೆ ಪ್ರಿಂಟ್ ಬೇಕು, ಮನೆಯಲ್ಲಿ ಪ್ರಿಂಟರ್ ಇಲ್ಲ. ದಾರಿಯಲ್ಲಿ ಝೆರಾಕ್ಸ್ ಅಂಗಡಿಗೆ ಹೋಗುತ್ತಾಳೆ. "ಈ ನಂಬರಿಗೆ ಕಳಸ್ರಿ ಅಕ್ಕಾರ" ಅನ್ನುತ್ತಾನೆ ಅಂಗಡಿ ಹುಡುಗ. ಫೈಲ್ ಅವನ ಕಂಪ್ಯೂಟರ್‌ನ ಡೌನ್‌ಲೋಡ್ಸ್‌ನಲ್ಲಿ ಇಳಿಯುತ್ತದೆ. ಪ್ರಿಂಟ್ ಬರುತ್ತದೆ, ಫೈಲ್ ಅಲ್ಲೇ ಉಳಿಯುತ್ತದೆ. ಯಾರೂ ಡಿಲೀಟ್ ಮಾಡುವುದಿಲ್ಲ. ಮುಂದಿನ ಗಿರಾಕಿ ತನ್ನ ಫೈಲ್ ಹುಡುಕುವಾಗ ಇವಳ ಫೈಲಿನ ಹೆಸರೂ ಕಣ್ಣಿಗೆ ಬೀಳುತ್ತದೆ.

ಪ್ರಿಂಟ್ ಆಫೀಸಿಗೆ ಹೋಯಿತು. ಅಲ್ಲಿ ಟಪಾಲು ತೆಗೆದುಕೊಳ್ಳುವವರು ಒಬ್ಬರು, ಎಚ್‌ಆರ್‌ನವರು ಒಬ್ಬರು, ಸಹಿ ಹಾಕುವ ಸಾಹೇಬರು ಒಬ್ಬರು, ಅಕೌಂಟ್ಸ್‌ನವರು ಒಬ್ಬರು. ವಿಮೆ ಇದ್ದರೆ ಸ್ಕ್ಯಾನ್ ಆಗಿ ಟಿಪಿಎಗೆ, ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆಗೆ ಹೋಗುತ್ತದೆ. ವರ್ಷದ ಕೊನೆಗೆ ಆಡಿಟ್‌ನವರು ಅದೇ ಫೈಲ್ ತೆಗೆಯುತ್ತಾರೆ. ಇಷ್ಟೂ ಜನರಿಗೆ ಬೇಕಾಗಿರುವುದು ತಾರೀಖು, ಮೊತ್ತ, ಸಹಿ. ಆದರೆ ಹಿಂದಿನ ಪುಟದಲ್ಲಿ ನೋಟ್ಸ್ ಇದ್ದರೆ ಓದದೇ ಇರುವವರು ಎಷ್ಟು ಜನ?

ಬೆಂಗಳೂರಿನಂಥ ದೊಡ್ಡ ಊರಿನಲ್ಲಿ ಆ ಕಾಗದ ಯಾರ ಕೈಗೆ ಸಿಕ್ಕರೂ ಅವರು ಅಪರಿಚಿತರೇ ಆಗಿರಬಹುದು. ನಮ್ಮಲ್ಲಿ ಹಾಗಿಲ್ಲ. ಹೆಸರು ಹೇಳಿದ ಕೂಡಲೇ "ನೀವು ಯಾರ ಪೈಕಿ?" ಅಂತ ಕೇಳುವ ಊರು ಇದು. ಎರಡು ಮಾತಿನೊಳಗೆ ಸಂಬಂಧ ಸಿಗುತ್ತದೆ. ಗದಗ, ಹಾವೇರಿಯಲ್ಲಿ ಇನ್ನೂ ಬೇಗ ಸಿಗುತ್ತದೆ. ಇದರ ಮೇಲೆ ನಮ್ಮ ಭಾಗದ ಹಳೇ ಚೇಷ್ಟೆ ಬೇರೆ: ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ "ಇವನ್ನ ಧಾರವಾಡಕ್ಕ ಸೇರಸ್ಬೇಕು" ಅನ್ನುತ್ತಾರೆ. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. ಇವತ್ತು ಅದು ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ ಬೆಳೆದಿದೆ, ಸುತ್ತಲಿನ ಜಿಲ್ಲೆಗಳ ಜನಕ್ಕೆ ದೊಡ್ಡ ಆಸರೆ ಆಗಿದೆ. ಆದರೂ ಆ ಚೇಷ್ಟೆ ಮಾತು ಹೋಗಿಲ್ಲ. ಮದುವೆ ಮಾತುಕತೆ ನಡೆಯುತ್ತಿರುವ ಮನೆಯಲ್ಲಿ ಇಂಥ ಒಂದು ಪುಟ ಹೊರಗೆ ಬಿದ್ದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಕಾನೂನು ನಿಜವಾಗಿ ಏನು ಕೇಳುತ್ತದೆ

"ಇನ್‌ಕಮ್ ಟ್ಯಾಕ್ಸ್‌ನವರು ಕೇಳಿದರೆ?" ಅನ್ನೋದು ಕೌನ್ಸೆಲರ್‌ಗಳ ಮೊದಲ ಭಯ. ಅಲ್ಲಿಂದಲೇ ಶುರು ಮಾಡೋಣ. 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1962ರ ಆದಾಯ ತೆರಿಗೆ ನಿಯಮಗಳಲ್ಲಿ 6ಎಫ್ ಅಂತ ಒಂದು ನಿಯಮ ಇತ್ತು. ವೈದ್ಯರು ‘3ಸಿ’ ನಮೂನೆಯಲ್ಲಿ ದಿನದ ರಿಜಿಸ್ಟರ್ ಇಡಬೇಕು ಅಂತ ಅದು ಹೇಳಿತು. ಅದರ ಕಾಲಂಗಳು ಇಷ್ಟೇ: ತಾರೀಖು, ಕ್ರಮಸಂಖ್ಯೆ, ರೋಗಿಯ ಹೆಸರು, ಕೊಟ್ಟ ಸೇವೆ ಯಾವ ಬಗೆಯದು, ಬಂದ ಫೀ, ಫೀ ಬಂದ ದಿನ. ಸೇವೆಯ ಬಗೆ ಅಂದರೂ ರೋಗದ ಹೆಸರಲ್ಲ. ಸಾಮಾನ್ಯ ತಪಾಸಣೆ, ಶಸ್ತ್ರಚಿಕಿತ್ಸೆ, ಇಂಜೆಕ್ಷನ್, ಮನೆಗೆ ಭೇಟಿ ಅಂತ ಅದೇ ನಮೂನೆ ಉದಾಹರಣೆ ಕೊಟ್ಟಿತ್ತು. ತೆರಿಗೆ ಲೆಕ್ಕಕ್ಕೆ ಅಂತಲೇ ಮಾಡಿದ ರಿಜಿಸ್ಟರ್‌ಗೇ ‘ತಪಾಸಣೆ’ ಅಂತ ಬರೆದರೆ ಸಾಕಿತ್ತು. ಹಾಗಿರುವಾಗ ಅತ್ತೆ-ಸೊಸೆ ಜಗಳ ಯಾರಿಗೆ ಬೇಕು?

ಜಿಎಸ್‌ಟಿಯ ಕತೆಯೂ ಅಷ್ಟೇ. ಆಸ್ಪತ್ರೆ, ವೈದ್ಯರು, ಅರೆವೈದ್ಯಕೀಯ ಸಿಬ್ಬಂದಿ ಕೊಡುವ ಆರೋಗ್ಯ ಸೇವೆಗೆ 2017ರ 12ನೇ ಅಧಿಸೂಚನೆಯಲ್ಲಿ ವಿನಾಯಿತಿ ಇದೆ. ಜಿಎಸ್‌ಟಿ ನಂಬರ್ ಇದ್ದು ವಿನಾಯಿತಿ ಇರುವ ಸೇವೆ ಕೊಟ್ಟರೆ ಟ್ಯಾಕ್ಸ್ ಇನ್ವಾಯ್ಸ್ ಬದಲು ‘ಬಿಲ್ ಆಫ್ ಸಪ್ಲೈ’ ಕೊಡಬೇಕು. ಅದರಲ್ಲೂ ಸೇವೆಯ ವಿವರಣೆ ಅಂದರೆ ಒಂದು ಸಾಲು. ನೀವು ವೈದ್ಯರೂ ಅಲ್ಲ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ (ಆರ್‌ಸಿಐ) ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟೂ ಅಲ್ಲ ಅಂದರೆ ಈ ವಿನಾಯಿತಿ ನಿಮಗೆ ಸಿಗುತ್ತದಾ ಅನ್ನೋದನ್ನು ನಿಮ್ಮ ಸಿಎ ಹತ್ತಿರ ಮೊದಲೇ ಕೇಳಿಕೊಳ್ಳಿ. ವರ್ಷಕ್ಕೆ 20 ಲಕ್ಷದ ಒಳಗಿನ ವಹಿವಾಟಾದರೆ ಸಾಮಾನ್ಯವಾಗಿ ಆ ತಲೆನೋವು ಬರುವುದಿಲ್ಲ.

ಈಗ ಇನ್ನೊಂದು ಮಗ್ಗುಲು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದಿದ್ದು 2017ರಲ್ಲಿ, ಜಾರಿಯಾಗಿದ್ದು 2018ರ ಮೇ ತಿಂಗಳಲ್ಲಿ. ಅದರ 23ನೇ ಸೆಕ್ಷನ್ ಗೌಪ್ಯತೆಯನ್ನು ರೋಗಿಯ ಹಕ್ಕು ಅನ್ನುತ್ತದೆ. ಚಿಕಿತ್ಸೆ ಕೊಡುವವರು ಚಿಕಿತ್ಸೆಯ ವೇಳೆ ತಿಳಿದದ್ದನ್ನೆಲ್ಲ ಗುಟ್ಟಾಗಿ ಇಡಬೇಕು. ಯಾರಿಗೆ ಹೇಳಬಹುದು ಅಂತ ಒಂದು ಪಟ್ಟಿಯೂ ಅಲ್ಲೇ ಇದೆ: ರೋಗಿಯೇ ಸೂಚಿಸಿದ ಪ್ರತಿನಿಧಿಗೆ, ಚಿಕಿತ್ಸೆಗೆ ಅಂತ ಬೇರೆ ವೈದ್ಯರಿಗೆ, ಇನ್ನೊಬ್ಬರಿಗೆ ಹಾನಿ ಆಗುವುದನ್ನು ತಡೆಯಲು, ಜೀವಕ್ಕೆ ಅಪಾಯ ಇದ್ದಾಗ ಅದಕ್ಕೆ ಬೇಕಾದಷ್ಟು ಮಾತ್ರ, ನ್ಯಾಯಾಲಯ ಅಥವಾ ಅಧಿಕಾರ ಇರುವ ಪ್ರಾಧಿಕಾರ ಆದೇಶ ಮಾಡಿದಾಗ, ಸಾರ್ವಜನಿಕ ಸುರಕ್ಷತೆಗೆ. ಆ ಪಟ್ಟಿಯಲ್ಲಿ ಎಚ್‌ಆರ್ ಇಲ್ಲ. ಅಕೌಂಟ್ಸ್ ಸೆಕ್ಷನ್ ಇಲ್ಲ. ವಿಮಾ ಕಂಪನಿಯೂ ಇಲ್ಲ. ಹಾಗಾಗಿ ಅವರಿಗೆ ಏನಾದರೂ ಹೋಗಬೇಕು ಅಂದರೆ ಕ್ಲೈಂಟ್ ಒಪ್ಪಿಗೆಯಿಂದಲೇ ಹೋಗಬೇಕು. ಕಂಪ್ಯೂಟರ್‌ನಲ್ಲಿ ಇಟ್ಟ ಮಾಹಿತಿಗೂ ಇದೇ ಗೌಪ್ಯತೆ ಅಂತ 24ನೇ ಸೆಕ್ಷನ್ ಬಿಡಿಸಿ ಹೇಳುತ್ತದೆ.

"ನಮ್ಮ ಹತ್ರ ಬರೋರಿಗೆ ಕಾಯಿಲೆ ಅಂತೇನೂ ಇರಲ್ಲ, ಸುಮ್ನೆ ಮಾತಾಡೋಕೆ ಬರ್ತಾರೆ, ಆ ಕಾಯ್ದೆ ನಮಗೆ ಬರಲ್ಲ" ಅನ್ನೋ ಕೌನ್ಸೆಲರ್‌ಗಳೂ ಇದ್ದಾರೆ. ಆ ಕಾಯ್ದೆ ಮಾನಸಿಕ ಕಾಯಿಲೆ ಇರುವವರ ಬಗ್ಗೆ ಅನ್ನೋದು ನಿಜ. ಆದರೆ ಅಷ್ಟಕ್ಕೇ ತಪ್ಪಿಸಿಕೊಳ್ಳೋಕೆ ಆಗುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕೆಳಗೆ 2011ರಲ್ಲಿ ಬಂದ ನಿಯಮಗಳು ಮಾನಸಿಕ ಆರೋಗ್ಯದ ಸ್ಥಿತಿಯನ್ನು ಸೂಕ್ಷ್ಮ ಮಾಹಿತಿ ಅಂತ ಹೆಸರಿಸಿವೆ, ಕೊಟ್ಟವರ ಅನುಮತಿ ಇಲ್ಲದೆ ಮೂರನೆಯವರಿಗೆ ದಾಟಿಸಬಾರದು ಅನ್ನುತ್ತವೆ. ಒಬ್ಬರೇ ನಡೆಸುವ ರೂಮಿಗೂ ಅದು ಅನ್ವಯ. ಮೇಲಿಂದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಹೊಣೆಗಳು 2027ರ ಮೇ ಹೊತ್ತಿಗೆ ಜಾರಿಗೆ ಬರುತ್ತವೆ. ಒಪ್ಪಿಗೆ ಯಾವ ಕೆಲಸಕ್ಕೆ ಕೊಟ್ಟಿದ್ದೋ ಆ ಕೆಲಸಕ್ಕೆ ಬೇಕಾದಷ್ಟೇ ಮಾಹಿತಿಗೆ ಅನ್ವಯ ಅನ್ನೋದು ಅದರ ತಿರುಳು. ಕಾಯ್ದೆಯೇ ಒಂದು ಉದಾಹರಣೆ ಕೊಟ್ಟಿದೆ: ಟೆಲಿಮೆಡಿಸಿನ್ ಆಪ್ ಒಂದು ಚಿಕಿತ್ಸೆಯ ಜೊತೆಗೆ ಫೋನಿನ ಕಾಂಟ್ಯಾಕ್ಟ್ ಪಟ್ಟಿಗೂ ಒಪ್ಪಿಗೆ ಕೇಳಿದರೆ, ಜನ ಹೂಂ ಅಂದಿದ್ದರೂ ಕಾಂಟ್ಯಾಕ್ಟ್ ಪಟ್ಟಿಗೆ ಆ ಒಪ್ಪಿಗೆ ಲೆಕ್ಕಕ್ಕಿಲ್ಲ. ಬಿಲ್‌ಗೆ ಸಿಕ್ಕಿಸಿದ ನೋಟ್ಸ್‌ನ ಹಣೆಬರಹವೂ ಅದೇ.

ವಿಮೆಯ ಬಗ್ಗೆ ಒಂದು ಮಾತು. 2017ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಇರಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಆಗಸ್ಟ್‌ನಲ್ಲಿ ಕಂಪನಿಗಳಿಗೆ ಇದನ್ನು ಪಾಲಿಸಿ ಅಂತ ಹೇಳಿತು. ಆದರೆ ಸಾಮಾನ್ಯ ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ದುಡ್ಡು ಕೊಡುತ್ತವೆ. ಬಂದು ಒಂದು ಗಂಟೆ ಮಾತಾಡಿ ಹೋಗುವ ಕೌನ್ಸೆಲಿಂಗ್‌ಗೆ ಬೇಕಾದರೆ ಹೊರರೋಗಿ ಸೌಲಭ್ಯ ಪಾಲಿಸಿಯಲ್ಲಿ ಬೇರೆಯಾಗಿ ಇರಬೇಕು. ನೋಟ್ಸ್ ಲಗತ್ತಿಸಿದರೆ ಕ್ಲೇಮ್ ಪಾಸಾಗುತ್ತದೆ ಅನ್ನೋದು ತಪ್ಪು ನಂಬಿಕೆ. ಪಾಲಿಸಿಯಲ್ಲಿ ಇಲ್ಲದ್ದು ಹತ್ತು ಪುಟ ಲಗತ್ತಿಸಿದರೂ ಬರುವುದಿಲ್ಲ. ಮೊದಲು ಪಾಲಿಸಿ ಓದಿಸಿ, ಆಮೇಲೆ ಕಾಗದದ ಮಾತು.

ಬಿಲ್ ಹೇಗಿರಬೇಕು

ನಾನು ಹಾಕಿಕೊಡುವ ಬಿಲ್ ನೋಡಿ:

ರಸೀದಿ ನಂ. 112
ಹೆಸರು: (ಕ್ಲೈಂಟ್ ಹೆಸರು)
ಸೇವೆ: ವೃತ್ತಿಪರ ಸಮಾಲೋಚನೆ, ತಲಾ 50 ನಿಮಿಷ
ದಿನಾಂಕಗಳು: ಜೂನ್ 3, 10, 17, 24
ದರ: ₹1,000 × 4 = ₹4,000
ಪಾವತಿ: ಯುಪಿಐ, ಪೂರ್ತಿ ಸಂದಾಯ
ಸಹಿ, ವಿದ್ಯಾರ್ಹತೆ, ನೋಂದಣಿ ಸಂಖ್ಯೆ

ಇಷ್ಟೇ. ತಾರೀಖುಗಳನ್ನು ಬಿಡಿಬಿಡಿಯಾಗಿ ಬರೆಯುವುದು ಮುಖ್ಯ. ‘ಜೂನ್ ತಿಂಗಳ ಕೌನ್ಸೆಲಿಂಗ್’ ಅಂತ ಒಟ್ಟಿಗೆ ಬರೆದರೆ ಕ್ಲೇಮ್ ನೋಡುವವರು ಅನುಮಾನ ಪಡುತ್ತಾರೆ, ಆಗಲೇ ‘ಇನ್ನಷ್ಟು ವಿವರ ಕೊಡಿ’ ಅಂತ ಪತ್ರ ಬರುವುದು. ನೋಂದಣಿ ಸಂಖ್ಯೆಯೂ ಹಾಗೇ. ಮನೋವೈದ್ಯರಿಗೆ ಮೆಡಿಕಲ್ ಕೌನ್ಸಿಲ್ ನಂಬರ್, ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಪುನರ್ವಸತಿ ಮಂಡಳಿಯ ನಂಬರ್. ಅದು ಬಿಲ್ ಮೇಲೆ ಎದ್ದು ಕಾಣುವಂತೆ ಇದ್ದರೆ ಅರ್ಧ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ನಗದು 5,000 ರೂಪಾಯಿಗಿಂತ ಜಾಸ್ತಿ ತೆಗೆದುಕೊಂಡರೆ ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್ ಅಂಟಿಸಿ. ಸಣ್ಣ ವಿಷಯ, ಆದರೆ ಅದಿಲ್ಲ ಅಂತ ಬಿಲ್ ವಾಪಸ್ ಕಳಿಸುವ ಗುಮಾಸ್ತರು ಇದ್ದೇ ಇದ್ದಾರೆ.

ಗೌಪ್ಯತೆ ಕಾಯುತ್ತೇನೆ ಅಂತ ಸುಳ್ಳು ಬರೆಯೋದೂ ಬೇಡ. ಕೌನ್ಸೆಲಿಂಗ್ ಬದಲು ‘ಫಿಸಿಯೋಥೆರಪಿ’ ಅಂತ ಹಾಕಿ ಕೊಡಿ, ತಾರೀಖು ಸ್ವಲ್ಪ ಹಿಂದಕ್ಕೆ ಹಾಕಿ ಅಂತ ಕೇಳುವವರು ಇರುತ್ತಾರೆ. ಪಾಪ, ಅವರ ಸಂಕಟ ಅವರಿಗೆ. ಆದರೆ ಕಡಿಮೆ ಹೇಳುವುದು ಬೇರೆ, ಸುಳ್ಳು ಹೇಳುವುದು ಬೇರೆ. ಸುಳ್ಳು ಬಿಲ್ ಸಿಕ್ಕಿಬಿದ್ದರೆ ಕ್ಲೈಂಟ್ ನೌಕರಿಗೂ ಕುತ್ತು, ನಿಮ್ಮ ನೋಂದಣಿಗೂ ಕುತ್ತು.

ಬಿಲ್ ಸಾಲುವುದಿಲ್ಲ ಅಂತ ಆಫೀಸಿನವರು ಹಟ ಹಿಡಿದರೆ ಆ ಮೂರನೇ ಕಾಗದ ತೆಗೆಯಿರಿ. ಲೆಟರ್‌ಹೆಡ್ ಮೇಲೆ ಹೀಗೆ: ‘ಇವರು ಜೂನ್ 3ರಿಂದ ನನ್ನ ಬಳಿ ಚಿಕಿತ್ಸೆ ಪಡೆಯುತ್ತಿದ್ದಾರೆ. ಈವರೆಗೆ ನಾಲ್ಕು ಸೆಷನ್ ಆಗಿವೆ. ಚಿಕಿತ್ಸೆ ಮುಂದುವರಿಯಬೇಕಿದೆ. ಅವರ ಕೋರಿಕೆಯ ಮೇರೆಗೆ, ಖರ್ಚಿನ ಮರುಪಾವತಿಗೆ ಮಾತ್ರ ಈ ಪತ್ರ ಕೊಟ್ಟಿದ್ದೇನೆ.’ ಕಳಿಸುವ ಮೊದಲು ಕ್ಲೈಂಟ್‌ಗೆ ಓದಿಸಿ. ಕಳಿಸುವುದಾದರೂ ಅವರ ಕೈಗೇ ಕೊಡಿ, ನೇರವಾಗಿ ಆಫೀಸಿಗೆ ಮೇಲ್ ಮಾಡಬೇಡಿ. ಕೊಟ್ಟ ಪತ್ರವನ್ನು ಅವರು ಬಳಸಬಹುದು, ಮನಸ್ಸು ಬದಲಾದರೆ ಹರಿದು ಹಾಕಬಹುದು. ನಿರ್ಧಾರ ಅವರದ್ದು.

ಕೆಲವು ಕ್ಲೇಮ್ ಫಾರಂಗಳಲ್ಲಿ ರೋಗದ ಹೆಸರು ಕೇಳುವ ಕಾಲಂ ಇರುತ್ತದೆ, ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಅದನ್ನು ತುಂಬಬೇಕಾದವರು ರೋಗನಿರ್ಣಯ ಮಾಡುವ ಅರ್ಹತೆ ಇರುವವರು. ಬರೀ ಕೌನ್ಸೆಲಿಂಗ್ ಡಿಪ್ಲೊಮಾ ಮಾಡಿದವರು ಬಿಲ್ ಮೇಲೆ ‘ಡಿಪ್ರೆಷನ್’ ಅಂತ ಬರೆಯುವುದು ಗೌಪ್ಯತೆಯ ಪ್ರಶ್ನೆಗಿಂತ ಮೊದಲೇ ತಪ್ಪು. ಅರ್ಹತೆ ಇರುವವರು ತುಂಬುವಾಗಲೂ ಕ್ಲೈಂಟ್ ಜೊತೆ ಕೂತು ಮಾತಾಡಿ ತುಂಬಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಕೋಡ್ ಬರೆದರೆ ಗುಟ್ಟು ಉಳಿಯುತ್ತದೆ ಅಂತ ಕೆಲವರ ಲೆಕ್ಕ. ‘ಎಫ್41.1’ ಅಂತ ಗೂಗಲ್‌ನಲ್ಲಿ ಹಾಕಿದರೆ ಆತಂಕದ ಕಾಯಿಲೆ ಅಂತ ಎರಡು ಸೆಕೆಂಡಿನಲ್ಲಿ ಬರುತ್ತದೆ.

ಈ ಬಟನ್ ನಮ್ಮ ಸಾಫ್ಟ್‌ವೇರ್‌ಗಳಲ್ಲಿ ಯಾಕೆ ಇದೆ ಅಂತಲೂ ಕೆಲವರು ಕೇಳುತ್ತಾರೆ. ಇಲ್ಲಿನವರು ಬಳಸುವ ಎಷ್ಟೋ ಆಪ್‌ಗಳು ಅಮೆರಿಕದ ಪದ್ಧತಿ ನೋಡಿ ಮಾಡಿದವು. ಅಲ್ಲಿ ಥೆರಪಿಸ್ಟ್‌ಗಳು ವಿಮೆಗೆ ಅಂತ ‘ಸೂಪರ್‌ಬಿಲ್’ ಕೊಡುತ್ತಾರೆ. ಅದರಲ್ಲಿ ರೋಗದ ಕೋಡ್ ಇರುತ್ತದೆ, ಸೇವೆಯ ಕೋಡ್ ಇರುತ್ತದೆ. ಮುಕ್ಕಾಲು ಗಂಟೆಯ ಸೆಷನ್‌ಗೆ 90834, ಒಂದು ಗಂಟೆಯದ್ದಕ್ಕೆ 90837. ಆದರೆ ಗಮನಿಸಿ, ನೋಟ್ಸ್ ಆ ಸೂಪರ್‌ಬಿಲ್‌ನ ಭಾಗ ಅಲ್ಲ. ಥೆರಪಿಸ್ಟ್ ಬೇರೆಯಾಗಿ ಇಟ್ಟುಕೊಂಡ ಸ್ವಂತ ನೋಟ್ಸ್‌ಗೆ ಅಲ್ಲಿನ ‘ಹಿಪಾ’ ಅನ್ನೋ ಆರೋಗ್ಯ ಮಾಹಿತಿ ಗೌಪ್ಯತೆಯ ನಿಯಮಗಳಲ್ಲಿ ಇನ್ನೂ ಗಟ್ಟಿ ರಕ್ಷಣೆ ಇದೆ. ಅದನ್ನು ಕೊಡೋಕೆ ಕ್ಲೈಂಟ್‌ನ ಪ್ರತ್ಯೇಕ ಒಪ್ಪಿಗೆ ಬೇಕು, ಆ ಒಪ್ಪಿಗೆ ಕೊಡದಿದ್ದರೆ ಹಣ ಕೊಡುವುದಿಲ್ಲ ಅಂತ ವಿಮೆಯವರು ಹೇಳುವಂತಿಲ್ಲ. ಬಟನ್ ಇದೆ ಅಂದ ಮಾತ್ರಕ್ಕೆ ಅಲ್ಲಿನವರೂ ಒತ್ತುತ್ತಾರೆ ಅಂತಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿಡಿ. ಜೊತೆಗೆ ರಿಸೆಪ್ಷನ್‌ನಲ್ಲಿ ಕೂರುವವರ ಲಾಗಿನ್‌ಗೆ ಅಪಾಯಿಂಟ್‌ಮೆಂಟ್ ಮತ್ತು ಬಿಲ್ ಮಾತ್ರ ಕಾಣುವ ಹಾಗೆ ಮಾಡಿ.

ಇಕ್ಕಟ್ಟಿನ ಪ್ರಸಂಗಗಳು

ಗಂಡ-ಹೆಂಡತಿ ಜೊತೆಯಾಗಿ ಬಂದರೆ ಬಿಲ್ ಯಾರ ಹೆಸರಿಗೆ? ದುಡ್ಡು ಕೊಟ್ಟವರ ಹೆಸರಿಗೆ. ‘ದಾಂಪತ್ಯ ಸಮಾಲೋಚನೆ’ ಅಂತ ಬರೆಯಬೇಡಿ, ‘ಸಮಾಲೋಚನೆ’ ಸಾಕು. ಇದು ಅತಿ ಅನಿಸಬಹುದು. ಆದರೆ ಇವತ್ತು ಜೊತೆಯಲ್ಲಿ ಕೂತವರು ನಾಳೆ ಕೌಟುಂಬಿಕ ನ್ಯಾಯಾಲಯದಲ್ಲಿ ಎದುರುಬದುರು ನಿಲ್ಲಬಹುದು. ವಕೀಲರಿಗೆ ಕಕ್ಷಿದಾರರು ಹೇಳಿದ ಮಾತಿಗೆ ಸಾಕ್ಷ್ಯ ಕಾನೂನಿನಲ್ಲಿ ವಿಶೇಷ ರಕ್ಷಣೆ ಇದೆ. ಥೆರಪಿಸ್ಟ್‌ಗೆ ಹೇಳಿದ ಮಾತಿಗೆ ನಮ್ಮಲ್ಲಿ ಅಂಥ ರಕ್ಷಣೆ ಇಲ್ಲ. ನ್ಯಾಯಾಲಯ ದಾಖಲೆ ತನ್ನಿ ಅಂದರೆ ತರಬೇಕು. ಅದು ಆದೇಶದ ಮೇಲೆ, ನ್ಯಾಯಾಧೀಶರ ಮುಂದೆ ಆಗುವ ಮಾತು. ನೀವೇ ಬಿಲ್ ಹಿಂದೆ ಪಿನ್ ಹೊಡೆದು ಒಬ್ಬರ ಕೈಗೆ ಕೊಟ್ಟರೆ, ಇನ್ನೊಬ್ಬರು ನಿಮ್ಮನ್ನು ನಂಬಿ ಹೇಳಿದ್ದನ್ನೂ ಎದುರಾಳಿಗೆ ಒಪ್ಪಿಸಿದ ಹಾಗೆ.

ಧಾರವಾಡದ ಸಪ್ತಾಪುರದ ಕಡೆ ಕೋಚಿಂಗ್‌ಗೆ ಬಂದ ಹುಡುಗ-ಹುಡುಗಿಯರದು ಇನ್ನೊಂದು ಕತೆ. ಓದುವುದು ಇಲ್ಲಿ, ದುಡ್ಡು ಬರುವುದು ಹಾವೇರಿಯದೋ ಗದಗದ ಕಡೆಯದೋ ಹಳ್ಳಿಯಿಂದ. ಅಪ್ಪ ಫೋನ್ ಮಾಡುತ್ತಾರೆ: "ರೊಕ್ಕಾ ಕೊಡಾಂವ ನಾನ ಅದೇನ್ರಿ ಮೇಡಂ. ನಮ್ಮ ಹುಡುಗ ಏನ್ ಹೇಳ್ಯಾನ ಅನ್ನೋದು ನನಗ ತಿಳೀಬಾರದೇನ್ರಿ?" ಪ್ರೀತಿಯಿಂದ ಕೇಳುವ ಮಾತೇ. ಆದರೆ ಹುಡುಗನಿಗೆ 18 ತುಂಬಿದ್ದರೆ ಅಪ್ಪನಿಗೆ ಸಿಗುವುದು ರಸೀದಿ ಮಾತ್ರ. ಉಳಿದದ್ದನ್ನು ಹುಡುಗನೇ ಹೇಳಬೇಕು, ಬೇಕಾದರೆ ಮೂವರೂ ಕೂತು ಮಾತಾಡಬಹುದು. 18ರ ಒಳಗಿನವರಾದರೆ ಪೋಷಕರಿಗೆ ಕಾನೂನಿನಲ್ಲಿ ಜಾಗ ಇದೆ, ಆದರೂ ಚಿಕಿತ್ಸೆ ಹೇಗೆ ನಡೆದಿದೆ ಅಂತ ಹೇಳಿದರೆ ಸಾಕು. ಮಗು ಆಡಿದ ಒಂದೊಂದು ಮಾತನ್ನೂ ಬಿಲ್ ಜೊತೆ ಮನೆಗೆ ಕಳಿಸಿದರೆ ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ.

ಬೈಪಾಸ್‌ನಲ್ಲಿ ಅಪಘಾತ ಆಗಿ, ಆಮೇಲೆ ನಿದ್ದೆ ಬಾರದೆ, ಗಾಡಿ ಹತ್ತಲು ಹೆದರಿ ಕೌನ್ಸೆಲಿಂಗ್‌ಗೆ ಬಂದವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಆ ಖರ್ಚನ್ನೂ ಕೇಳಬಹುದು. ಇಲ್ಲಿ ಮಾತ್ರ ನಾಲ್ಕು ಸಾಲಿನ ಪತ್ರ ಸಾಲದು. ಅಪಘಾತಕ್ಕೂ ಚಿಕಿತ್ಸೆಗೂ ಇರುವ ಸಂಬಂಧ ತೋರಿಸಬೇಕು. ಅದಕ್ಕೆ ಮನೋವೈದ್ಯರಿಂದ ಒಂದು ವರದಿ ಬರೆಸಿ, ವಕೀಲರ ಮೂಲಕ ಕೊಡಿಸಿ. ವರದಿಯಲ್ಲಿ ಅಪಘಾತದ ನಂತರದ ತೊಂದರೆಗಳು ಇರುತ್ತವೆ. ನೋಟ್ಸ್‌ನಲ್ಲಿರುವ ಬಾಲ್ಯದ ಕತೆ, ಮನೆ ಜಗಳ ಅದರಲ್ಲಿ ಇರುವುದಿಲ್ಲ.

ಕಂಪನಿಯೇ ನೌಕರರಿಗಾಗಿ ಕೌನ್ಸೆಲರ್ ಜೊತೆ ಒಪ್ಪಂದ ಮಾಡಿಕೊಂಡಿದ್ದರೆ ತಿಂಗಳಿಗೊಂದು ಒಟ್ಟು ಬಿಲ್ ಹೋಗುತ್ತದೆ. ಅಲ್ಲಿ ಹೆಸರೇ ಬೇಡ. ಹೆಸರಿನ ಬದಲು ನೀವೇ ಇಟ್ಟ ಒಂದು ಕೋಡ್, ತಾರೀಖು, ನಿಮಿಷ ಅಷ್ಟೇ. ಕ್ಲೈಂಟ್ ಸಹಿ ಮಾಡಿದ ಹಾಜರಿ ನಿಮ್ಮ ಹತ್ತಿರವೇ ಇರಲಿ. ಇದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ, ಬಿಲ್ ಕಳಿಸಿದ ಮೇಲೆ ವಾದ ಮಾಡುತ್ತಾ ಕೂರೋಕೆ ಆಗುವುದಿಲ್ಲ.

ಗೊತ್ತಾಗದ ಹಾಗೆ ಸೋರುವ ಜಾಗಗಳು

ನೋಟ್ಸ್ ಲಗತ್ತಿಸದೇ ಇದ್ದರೂ ನೋಟ್ಸ್ ಹೊರಗೆ ಹೋಗುವ ದಾರಿಗಳಿವೆ. ಪಿಡಿಎಫ್‌ಗೆ ಹೆಸರು ಇಡುವಾಗ ಕ್ಲೈಂಟ್ ಹೆಸರಿನ ಪಕ್ಕ ‘ಪ್ಯಾನಿಕ್’ ಅಂತ ಸೇರಿಸುತ್ತಾರೆ, ತಮಗೆ ಹುಡುಕೋಕೆ ಸುಲಭ ಅಂತ. ಆ ಹೆಸರು ವಾಟ್ಸಾಪ್‌ನಲ್ಲಿ ಹಾಗೇ ಕಾಣುತ್ತದೆ, ಝೆರಾಕ್ಸ್ ಅಂಗಡಿಯಲ್ಲೂ. ರಸೀದಿ ನಂಬರನ್ನೇ ಫೈಲ್ ಹೆಸರು ಮಾಡಿ. ಯುಪಿಐನಲ್ಲಿ ದುಡ್ಡು ಕಳಿಸುವಾಗ ಕ್ಲೈಂಟ್‌ಗಳೇ ಷರಾ ಜಾಗದಲ್ಲಿ ‘ಡಿಪ್ರೆಷನ್ 4ನೇ ಸೆಷನ್’ ಅಂತ ಟೈಪ್ ಮಾಡುತ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಬಂದು ಕೂತರೆ ಮುಂದೆ ಮನೆ ಸಾಲಕ್ಕೆ ಅರ್ಜಿ ಹಾಕುವಾಗ ಆ ಸ್ಟೇಟ್‌ಮೆಂಟ್ ಬ್ಯಾಂಕಿನವರ ಟೇಬಲ್ ಮೇಲೆ. ‘ಫೀ’ ಅಂತ ಹಾಕಿ ಸಾಕು ಅಂತ ಕ್ಯುಆರ್ ಕೋಡ್ ಪಕ್ಕದಲ್ಲೇ ಒಂದು ಚೀಟಿ ಅಂಟಿಸಿದರೆ ಆಯಿತು.

ನಮ್ಮ ಲೆಕ್ಕದವರ ಕಡೆಯದೂ ಒಂದಿದೆ: ಟ್ಯಾಲಿಯ ನರೇಶನ್, ಅಂದರೆ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎಂಟ್ರಿಯ ಕೆಳಗೆ ವಿವರ ಬರೆಯುವ ಜಾಗ. ಎಂಟ್ರಿ ಹಾಕುವವರು ಕೌನ್ಸೆಲರ್ ಕೊಟ್ಟ ವಿವರವನ್ನು ಹಾಗೇ ಕೆಳಗೆ ಹೊಡೆದುಬಿಡುತ್ತಾರೆ. ಸಿಎ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ ಮಾಡುವ ಹುಡುಗರವರೆಗೂ ಅದು ಹೋಗುತ್ತದೆ. ಅಕೌಂಟೆಂಟ್‌ಗೆ ರಸೀದಿ ನಂಬರ್, ತಾರೀಖು, ಮೊತ್ತ ಇಷ್ಟು ಕಳಿಸಿ. ಜಾಸ್ತಿ ಕಳಿಸಿದರೆ ನಮಗೂ ಬೇಡದ ಹೊಣೆ.

ಬಿಲ್‌ಗೂ ನೋಟ್ಸ್‌ಗೂ ಆಯಸ್ಸೂ ಬೇರೆ. 2026ರ ಮಾರ್ಚ್‌ವರೆಗಿನ 6ಎಫ್ ನಿಯಮ ಲೆಕ್ಕದ ಪುಸ್ತಕಗಳನ್ನು ತೆರಿಗೆ ನಿರ್ಧಾರಣೆ ವರ್ಷ (ಅಸೆಸ್‌ಮೆಂಟ್ ಇಯರ್) ಮುಗಿದ ಮೇಲೆ ಆರು ವರ್ಷ ಇಡಬೇಕು ಅಂದಿತ್ತು. ಎರಡನ್ನೂ ಒಂದೇ ಫೈಲಿನಲ್ಲಿ ಇಟ್ಟರೆ ಬಿಲ್ ಸಲುವಾಗಿ ನೋಟ್ಸೂ ಕಪಾಟಿನಲ್ಲಿ ಕೂರುತ್ತದೆ, ಒಂದು ದಿನ ಎರಡೂ ಒಟ್ಟಿಗೆ ರದ್ದಿಗೆ ಹೋಗುತ್ತವೆ. ನಮ್ಮೂರಲ್ಲಿ ರದ್ದಿ ಕಾಗದ ಎಲ್ಲಿಗೆ ಹೋಗುತ್ತದೆ ಅಂತ ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ ಗಿರ್ಮಿಟ್ ತಿಂದವರಿಗೆಲ್ಲ ಗೊತ್ತು. ನೋಟ್ಸ್ ವಿಲೇವಾರಿ ಮಾಡುವಾಗ ಹರಿದು ಚೂರು ಮಾಡಿ.

ಕೊನೆಗೆ, ಕ್ಲೈಂಟ್ ತಾವೇ ತಮ್ಮ ದಾಖಲೆ ಕೇಳಿದರೆ? ಇದು ಬಿಲ್‌ನ ವಿಷಯ ಅಲ್ಲ, ಹಕ್ಕಿನ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ತಮ್ಮ ಮೂಲ ವೈದ್ಯಕೀಯ ದಾಖಲೆ ನೋಡುವ ಹಕ್ಕು ಅವರಿಗಿದೆ. 2018ರ ನಿಯಮಗಳಲ್ಲಿ ಅದಕ್ಕೆ ಅರ್ಜಿ ನಮೂನೆ ಇದೆ, 15 ದಿನದೊಳಗೆ ಕೊಡಬೇಕು. ವೈದ್ಯರಾದರೆ ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮಗಳಲ್ಲಿ 72 ಗಂಟೆಯ ಗಡುವು ಇದೆ. ಕ್ಲೈಂಟ್‌ಗೆ ತೀವ್ರ ಮಾನಸಿಕ ಹಾನಿ ಆಗುವಂಥದ್ದು, ಅಥವಾ ಬೇರೆಯವರಿಗೆ ಅಪಾಯ ತರುವಂಥದ್ದು ಇದ್ದರೆ ಆ ಭಾಗವನ್ನು ಮಾತ್ರ ತಡೆಹಿಡಿಯಬಹುದು. ಹಾಗೆ ತಡೆದಿದ್ದೀರಿ ಅಂತ, ಅದರ ವಿರುದ್ಧ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬಹುದು ಅಂತ ಅವರಿಗೆ ಹೇಳಬೇಕು. ಅರ್ಜಿ ಬರೆಸಿಕೊಳ್ಳಿ, ಯಾವತ್ತು ಏನು ಕೊಟ್ಟಿರಿ ಅಂತ ಸಹಿ ಹಾಕಿಸಿಕೊಳ್ಳಿ, ಅಂಟಿಸಿದ ಲಕೋಟೆಯಲ್ಲಿ ಅವರ ಕೈಗೇ ಕೊಡಿ. ಬಿಲ್ ಅದೇ ದಿನ ಕೊಡುವುದಿದ್ದರೂ ಲಕೋಟೆ ಬೇರೆ ಇರಲಿ.